ಎಳೆಮೀನಿನ ಊಟ: ಕೆರೆಸೀಮೆಯಲ್ಲಿ ಪ್ರೋಟೀನಿನ ಲೆಕ್ಕ



ಬೇಸಾಯಕ್ಕೆ ಸೇರಿದ ಯಾವುದಾದರೂ ಒಂದು ವಿಷಯವನ್ನು ಆ ಕೆಲಸ ಮಾಡುವವರ ಎದುರಿಗೇ ಮಾತಾಡಬೇಕೆಂಬುದು ಈ ಉಪನ್ಯಾಸಕ್ಕೆ ದತ್ತಿ ಇಟ್ಟವರ ಆಸೆ. ನಾನು ಆರಿಸಿಕೊಂಡಿರುವುದು ಸಾಕುಮೀನಿನ ಮರಿಗೆ ಬೇಕಾದ ಪ್ರೋಟೀನು. ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೀನು ಸಾಕುವವರು ಖರ್ಚಿಗೆ ಅಂಜುವುದು ಮರಿಯ ಹಂತದಲ್ಲಿ. ಕೈಬಿಚ್ಚಿ ಸುರಿಯುವುದು ಮೀನು ಬಲಿತ ಮೇಲೆ. ಇದು ತಿರುಗುಮುರುಗಾಗಬೇಕು. ಯಾಕೆಂದು ಲೆಕ್ಕ ಹಾಕಿ ತೋರಿಸುವುದೇ ಇಂದಿನ ನನ್ನ ಕೆಲಸ.

ನಾವಿಂದು ಸೇರಿರುವ ಬಂದಳಿಕೆಗೆ ಜನ ಬರುವುದು ತ್ರಿಮೂರ್ತಿ ನಾರಾಯಣ ಗುಡಿಯನ್ನೂ ಶಾಂತಿನಾಥ ಬಸದಿಯನ್ನೂ ನೋಡಲು, ಬನಶಂಕರಿಗೆ ಹರಕೆ ಒಪ್ಪಿಸಲು. ಹತ್ತನೆಯ ಶತಮಾನದಲ್ಲಿ ಈ ಭಾಗದ ನಾಗರಖಂಡದ ಆಡಳಿತ ನಡೆಸಿದ ಜಕ್ಕಿಯಬ್ಬೆಯನ್ನು ನೆನೆದು ಹೋಗುತ್ತಾರೆ. ಮೀನಿನ ಮಾತಿಗೆ ಇದೇನು ಜಾಗ ಎಂದು ಯಾರಿಗಾದರೂ ಅನ್ನಿಸಿದ್ದರೆ ತಾಳಗುಂದವನ್ನು ನೆನಪಿಸಿಕೊಳ್ಳಲಿ. ಇದೇ ಶಿಕಾರಿಪುರ ತಾಲ್ಲೂಕಿನ ಆ ಊರಿನ ಸ್ತಂಭಶಾಸನವನ್ನು ಐದನೆಯ ಶತಮಾನದಲ್ಲಿ ಕುಬ್ಜನೆಂಬ ಕವಿ ರಚಿಸಿದ. ಕದಂಬರ ಮಯೂರಶರ್ಮನ ಕಥೆಯನ್ನೆಲ್ಲ ನಾವು ಓದುವುದು ಅದರಲ್ಲಿ. ಆದರೆ ಆ ಶಾಸನ ಹುಟ್ಟಿದ್ದು, ಅಲ್ಲಿನ ಗುಡಿಯ ಬಳಿ ಕದಂಬ ದೊರೆ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯೊಂದನ್ನು ದಾಖಲಿಸುವುದಕ್ಕೆ. ಕುಮುದ್ವತಿ, ದಂಡಾವತಿ, ವರದೆಯರ ನಡುವಿನ ಈ ಸೀಮೆಯಲ್ಲಿ ಏರಿ, ತೂಬು, ಕೋಡಿ ಇಲ್ಲದ ಊರನ್ನು ಹುಡುಕಬೇಕು.

ಕೆರೆಯಿದ್ದಲ್ಲಿ ಮೀನು. ಬೇಸಿಗೆಯಲ್ಲಿ ನೀರು ಇಳಿದಾಗ ಸೊರಬ, ಸಾಗರ, ಶಿಕಾರಿಪುರದ ಊರುಗಳಲ್ಲಿ ನಡೆಯುವ ಕೆರೆಬೇಟೆಯನ್ನು ನಿಮಗೆ ನಾನು ವರ್ಣಿಸಬೇಕಿಲ್ಲ. ಬಿದಿರಿನ ಬುಟ್ಟಿಯಂಥ ಕೂಣಿ ಹಿಡಿದು ನೂರಾರು ಜನ ಒಟ್ಟಿಗೇ ನೀರಿಗೆ ಇಳಿಯುವುದು, ಕೂಣಿಗೆ ಇಷ್ಟೆಂದು ಊರಿಗೆ ದುಡ್ಡು ಕಟ್ಟುವುದು, ಆ ದುಡ್ಡು ದೇವಸ್ಥಾನಕ್ಕೋ ಕೆರೆಗೋ ಸೇರುವುದು. ಹಿಂದೆ ಕೂಣಿಯೊಳಗೆ ಸಿಗುತ್ತಿದ್ದದ್ದು ಕೆರೆ ತಾನಾಗಿ ಬೆಳೆಸಿದ ಮೀನು. ಈಗ ಬಹುತೇಕ ಕೆರೆಗಳಲ್ಲಿ ಸಿಗುವುದು ನಾವೇ ಬಿಟ್ಟ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಬಿಟ್ಟಿದ್ದೆಷ್ಟು, ಉಳಿದದ್ದೆಷ್ಟು ಎಂದು ಕೇಳಿದರೆ ಮಾತ್ರ ಎಷ್ಟೋ ಊರುಗಳಲ್ಲಿ ಉತ್ತರವಿರುವುದಿಲ್ಲ.

ಕಾಟ್ಲಾ, ರೋಹು, ಮೃಗಾಲ್ ಮೂರೂ ಮೂಲತಃ ಗಂಗೆಯ ಕಡೆಯ ಗೆಂಡೆ ಜಾತಿಯ ಮೀನುಗಳು. ಹರಿಯುವ ಹೊಳೆಯಲ್ಲಿ ಮುಂಗಾರಿಗೆ ಮೊಟ್ಟೆಯಿಡುವ ಇವು ನಿಂತ ನೀರಿನ ಕೆರೆಯಲ್ಲಿ ಸಂತಾನ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧರಿಯವರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಇಂಥ ಮೀನುಗಳಿಂದ ಮೊಟ್ಟೆ ಇಡಿಸುವಲ್ಲಿ ಗೆದ್ದ ಮೇಲೆ ಹೊಳೆಯ ಹಂಗು ತಪ್ಪಿತು. ಇಂದು ದೇಶ ಆ ದಿನವನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ. ನಮ್ಮ ಜಿಲ್ಲೆಯ ಭದ್ರಾ ಜಲಾಶಯದ ಬಳಿಯ ಬಿ.ಆರ್. ಪ್ರಾಜೆಕ್ಟ್ ಮೀನುಮರಿ ಕೇಂದ್ರವೂ ಅದೇ ವಿದ್ಯೆಯ ಮೇಲೆ ನಿಂತದ್ದು. ಮರಿ ಹುಟ್ಟಿಸುವುದು ಹೀಗೆ ನಮ್ಮ ಕೈಗೆ ಬಂತು. ಹುಟ್ಟಿದ್ದನ್ನು ಉಳಿಸುವುದರಲ್ಲಿ ನಾವು ಅಷ್ಟು ದೂರ ಬಂದಿಲ್ಲ.

ಮೊಟ್ಟೆಯೊಡೆದು ಬಂದ ಮರಿ ಮೊದಲ ಮೂರು ದಿನ ತನ್ನ ಹೊಟ್ಟೆಯ ಕೆಳಗಿನ ಭಂಡಾರದ ಚೀಲವನ್ನೇ ಕರಗಿಸಿಕೊಂಡು ಬದುಕುತ್ತದೆ. ಆಮೇಲೆ ಬಾಯಿ ತೆರೆದು ಹೊರಗಿನ ಊಟ ಹುಡುಕಬೇಕು. ಆಗ ಅದರ ಉದ್ದ 5ರಿಂದ 8 ಮಿಲಿಮೀಟರ್, ತೂಕ ಒಂದೂವರೆ ಮಿಲಿಗ್ರಾಂ ಆಸುಪಾಸು. ಒಂದು ಲಕ್ಷ ಮರಿ ಸೇರಿದರೆ ಬರೀ 150 ಗ್ರಾಂ. ಆ ಬಾಯಿಗೆ ಹಿಡಿಯುವುದು ಬರಿಗಣ್ಣಿಗೆ ಸರಿಯಾಗಿ ಕಾಣದ ರೋಟಿಫರ್‌ನಂಥ ಜೀವಿಗಳು. ನಾಲ್ಕಾರು ದಿನ ಕಳೆದ ಮೇಲೆ ಮೊಯಿನಾ, ಡಾಫ್ನಿಯಾದಂಥ ನೀರ್ಚಿಗಟಗಳು. ದೊಡ್ಡದಾದ ಮೇಲೆ ರೋಹು ಪಾಚಿ, ಸೊಪ್ಪು ಮೇಯುತ್ತದೆ, ಮೃಗಾಲ್ ತಳದ ಕೊಳೆತದ್ದನ್ನು ತಿನ್ನುತ್ತದೆ, ಹುಲ್ಲುಗೆಂಡೆ ಹುಲ್ಲನ್ನೇ ತಿನ್ನುತ್ತದೆ. ಆದರೆ ಎಳೆಯದರಲ್ಲಿ ಇವೆಲ್ಲ ಪ್ರಾಣಿಭಕ್ಷಕಗಳು. ನೀರಿನ ಈ ಸಣ್ಣ ಜೀವಿಗಳ ಒಣತೂಕದಲ್ಲಿ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಪ್ರೋಟೀನೇ ಇರುತ್ತದೆ. ಎಳೆಮೀನಿಗೆ ಏನು ಬೇಕೆಂದು ಪ್ರಕೃತಿ ಕೊಟ್ಟ ಮೊದಲ ಸುಳಿವು ಇದು.

ಇಷ್ಟೊಂದು ಪ್ರೋಟೀನು ಯಾಕೆ? ಕೋಳಿಮರಿಯ ಆಹಾರದಲ್ಲಿ ಶೇಕಡ 20ರಿಂದ 23 ಇದ್ದರೆ ಸಾಕಾಗುವಾಗ ಮೀನುಮರಿಗೆ 35, 40, 45 ಎಂದು ಹೇಳುವುದೇಕೆ? ಮೀನು ಪ್ರೋಟೀನನ್ನು ಹಾಳು ಮಾಡುತ್ತದೆ ಎಂದು ಕೆಲವರು ತಿಳಿಯುತ್ತಾರೆ. ವಿಷಯ ಬೇರೆ. ಕೋಳಿ ತನ್ನ ಮೈಯನ್ನು ಸದಾ ಬೆಚ್ಚಗಿಡಬೇಕು. ತಿಂದದ್ದರಲ್ಲಿ ದೊಡ್ಡ ಪಾಲು ಅದಕ್ಕೇ ಉರಿದುಹೋಗುತ್ತದೆ. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. ಆ ಖರ್ಚು ಅದಕ್ಕಿಲ್ಲ. ನೀರು ಅದರ ಭಾರ ಹೊರುತ್ತದೆ. ಪ್ರೋಟೀನಿನ ಕಸವನ್ನು ಅದು ಅಮೋನಿಯಾ ರೂಪದಲ್ಲೇ ಕಿವಿರಿನಿಂದ ಹೊರಹಾಕುವುದರಿಂದ ಕೋಳಿಯಂತೆ ಯೂರಿಕ್ ಆಮ್ಲ ತಯಾರಿಸುವ ದಂಡವೂ ಇಲ್ಲ. ಹಾಗಾಗಿ ಮೀನಿಗೆ ಶಕ್ತಿಯ ಆಹಾರ ಸ್ವಲ್ಪ ಸಾಕು. ಒಟ್ಟು ಊಟ ಕಿರಿದಾದಾಗ ಅದರೊಳಗಿನ ಪ್ರೋಟೀನಿನ ಪಾಲು ತಾನಾಗಿ ಹಿಗ್ಗುತ್ತದೆ. ಒಂದು ಕಿಲೋ ಮೈ ಬೆಳೆಸಲು ಬೇಕಾದ ಪ್ರೋಟೀನನ್ನು ನೇರವಾಗಿ ತೂಗಿ ನೋಡಿದರೆ ಮೀನು ಕೋಳಿಗಿಂತ ದುಬಾರಿಯಲ್ಲ.

ಶೇಕಡವಾರು ಎಂಬುದು ಎಷ್ಟು ದಾರಿ ತಪ್ಪಿಸುತ್ತದೆಂಬುದಕ್ಕೆ ವಿಜ್ಞಾನಿಗಳ ಲೆಕ್ಕಗಳೇ ಸಾಕ್ಷಿ. 1958ರಲ್ಲಿ ಅಮೆರಿಕದಲ್ಲಿ ಡಿಲಾಂಗ್, ಹಾಲ್ವರ್, ಮೆರ್ಟ್ಜ್ ಎಂಬ ಮೂವರು ಸಾಲ್ಮನ್ ಮರಿಗಳ ಮೇಲೆ ಪ್ರಯೋಗ ಮಾಡಿ, 8 ಡಿಗ್ರಿ ನೀರಿನಲ್ಲಿ ಶೇಕಡ 40, ಹದಿನಾಲ್ಕೂವರೆ ಡಿಗ್ರಿಯ ನೀರಿನಲ್ಲಿ 55 ಬೇಕೆಂದರು. 1970ರಲ್ಲಿ ಜಪಾನಿನ ಒಗಿನೊ ಮತ್ತು ಸೈಟೊ ಸಾಮಾನ್ಯ ಗೆಂಡೆಗೆ 38 ಎಂದರು. 1978ರಲ್ಲಿ ಪಿ.ಆರ್. ಸೇನ್ ಮತ್ತು ಸಂಗಡಿಗರು ನಮ್ಮ ದೇಶದ ಗೆಂಡೆಮರಿಗಳಿಗೆ 45 ಎಂದರು. ಆಮೇಲೆ ನಮ್ಮದೇ ಮಂಗಳೂರಿನ ಮೀನುಗಾರಿಕಾ ಕಾಲೇಜು. 1969ರಲ್ಲಿ ಶುರುವಾದ ಆ ಕಾಲೇಜಿನಲ್ಲಿ ಎಚ್.ಪಿ.ಸಿ. ಶೆಟ್ಟಿ, ಟಿ.ಜೆ. ವರ್ಗೀಸ್ ಮೊದಲಾದವರು ಎಪ್ಪತ್ತರ ದಶಕದಲ್ಲೇ ಮೀನುಪುಡಿ, ಶೇಂಗಾ ಹಿಂಡಿ, ತೌಡು, ಮರಗೆಣಸಿನ ಹಿಟ್ಟು ಸೇರಿಸಿ ಗುಳಿಗೆ ಆಹಾರ ಮಾಡಿ ಗೆಂಡೆಗೆ ತಿನ್ನಿಸಿ ನೋಡಿದ್ದರು. 1986ರಲ್ಲಿ ರೇಣುಕಾರಾಧ್ಯ ಮತ್ತು ವರ್ಗೀಸ್ ಕಾಟ್ಲಾ, ರೋಹು ಮರಿಗಳಿಗೆ ಶೇಕಡ 30 ಸಾಕೆಂಬ ಫಲಿತಾಂಶ ಪ್ರಕಟಿಸಿದರು.

ಒಂದೇ ಜಾತಿಯ ಮೀನಿಗೆ ಒಬ್ಬರು 45 ಅನ್ನುತ್ತಾರೆ, ಇನ್ನೊಬ್ಬರು 30. ಯಾರು ಸರಿ? ನನ್ನ ಅಭಿಪ್ರಾಯದಲ್ಲಿ ಇಬ್ಬರೂ ತಮ್ಮ ತಮ್ಮ ತೊಟ್ಟಿಯ ಮಟ್ಟಿಗೆ ಸರಿ. ಮರಿಯ ಗಾತ್ರ ಎಷ್ಟಿತ್ತು, ದಿನಕ್ಕೆ ಮೈತೂಕದ ಎಷ್ಟು ಪಾಲು ಆಹಾರ ಕೊಟ್ಟರು, ಪ್ರೋಟೀನು ಯಾವ ಮೂಲದ್ದು, ಜೊತೆಗೆ ಶಕ್ತಿ ಕೊಡುವ ಎಣ್ಣೆ, ಪಿಷ್ಟ ಎಷ್ಟಿತ್ತು, ಇವು ಬದಲಾದ ಹಾಗೆ ಶೇಕಡವೂ ಬದಲಾಗುತ್ತದೆ. ಕೇಳಬೇಕಾದ ಪ್ರಶ್ನೆಯೇ ಬೇರೆ: ಒಂದು ಕಿಲೋ ಮೀನಿನ ಹೊಟ್ಟೆಗೆ ದಿನಕ್ಕೆ ಎಷ್ಟು ಗ್ರಾಂ ಪ್ರೋಟೀನು ಸೇರುತ್ತಿದೆ? ಜಪಾನಿನ ಅಧ್ಯಯನಗಳ ಪ್ರಕಾರ ಸಾಮಾನ್ಯ ಗೆಂಡೆಯ ಮೈ ಕರಗದಂತೆ ನಿಲ್ಲಲು ಕಿಲೋಗೆ ದಿನಕ್ಕೆ ಒಂದು ಗ್ರಾಂ ಸಾಕು. ಅತಿ ಹೆಚ್ಚು ಮಾಂಸ ಕಟ್ಟಲು 12 ಗ್ರಾಂ ಬೇಕು. ಅರ್ಧ ಕಿಲೋ ದಾಟಿದ ಮೀನಿಗೆ ಮೈತೂಕದ ಶೇಕಡ ಎರಡರಂತೆ, 25ರ ಪ್ರೋಟೀನಿನ ಆಹಾರ ಕೊಟ್ಟರೆ ಕಿಲೋಗೆ 5 ಗ್ರಾಂ ಸೇರಿತು. ಎರಡು ಗ್ರಾಂ ತೂಕದ ಮರಿ ಮೈತೂಕದ ಹತ್ತನೇ ಒಂದು ಪಾಲು ತಿನ್ನುತ್ತದೆ. ಅದು 35ರ ಆಹಾರವಾದರೆ ಕಿಲೋಗೆ 35 ಗ್ರಾಂ. ಮರಿಯ ಹಸಿವಿಗೂ ದೊಡ್ಡ ಮೀನಿನ ಹಸಿವಿಗೂ ಏಳು ಪಟ್ಟು ಅಂತರ. ಕೆಲವೇ ದಿನಗಳಲ್ಲಿ ಮರಿ ತನ್ನ ತೂಕವನ್ನು ಇಮ್ಮಡಿ, ನಾಲ್ಮಡಿ ಮಾಡಿಕೊಳ್ಳಬೇಕಾಗಿದೆ.

ಸೊರಬದ ಕಡೆಯ ರೈತರೊಬ್ಬರು ಕೇಳಿದ್ದರು: "ಸಾರ್, ನಮ್ಮಲ್ಲಿ ಮೆಕ್ಕೆಜೋಳ ಬೇಕಾದಷ್ಟಿದೆ. ಅದನ್ನೇ ಬೀಸಿ ಹಾಕಿದ್ರೆ ಮರಿ ಬೆಳೆಯಲ್ವಾ?" ಒಳ್ಳೆಯ ಪ್ರಶ್ನೆ. ಮೆಕ್ಕೆಜೋಳದ ಪ್ರೋಟೀನು ಶೇಕಡ 9ರ ಆಸುಪಾಸು. ಸಾಲ್ಮನ್‌ಗೆ ಹೋಲಿಸಿದರೆ ಗೆಂಡೆ ಪಿಷ್ಟವನ್ನು ಚೆನ್ನಾಗಿಯೇ ಅರಗಿಸಿಕೊಳ್ಳುತ್ತದೆ, ಅದೂ ನಿಜ. ದೊಡ್ಡ ಮೀನಿನ ಆಹಾರದಲ್ಲಿ ಮೆಕ್ಕೆಜೋಳಕ್ಕೆ ಜಾಗವಿದೆ. ಅದು ಶಕ್ತಿ ಕೊಟ್ಟು ಬೆಲೆಬಾಳುವ ಪ್ರೋಟೀನು ಉರಿದುಹೋಗದಂತೆ ಕಾಯುತ್ತದೆ. ಬರೀ ಅದನ್ನೇ ಮರಿಗೆ ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ಕಟ್ಟುವುದಿಲ್ಲ. ಮಾಂಸ ಬೆಳೆಯುವುದು ಪ್ರೋಟೀನಿನಿಂದಲೇ. ಪಿಷ್ಟವನ್ನು ಮಾಂಸವಾಗಿ ಮಾರ್ಪಡಿಸುವ ಉಪಾಯ ಯಾವ ಮೀನಿಗೂ ಗೊತ್ತಿಲ್ಲ.

ಪ್ರೋಟೀನಿನ ತೂಕ ಸರಿಯಿದ್ದರೂ ಗುಣ ಕೈಕೊಡಬಹುದು. ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರಪಣಿ. ಅವುಗಳಲ್ಲಿ ಹತ್ತನ್ನು ಮೀನು ತಾನೇ ತಯಾರಿಸಿಕೊಳ್ಳಲಾರದು, ಊಟದಲ್ಲೇ ಸಿಗಬೇಕು. ಮನೆ ಕಟ್ಟುವಾಗ ಇಟ್ಟಿಗೆ ರಾಶಿಯಿದ್ದು ಸಿಮೆಂಟು ಅರ್ಧವೇ ಇದ್ದರೆ ಗೋಡೆ ಏಳುವುದು ಅರ್ಧದವರೆಗೇ. ಈ ಹತ್ತರಲ್ಲಿ ನಮಗೆ ಸದಾ ಕೊರತೆಯಾಗುವುದು ಲೈಸಿನ್ ಮತ್ತು ಮೆಥಿಯೋನಿನ್. ಸಾಮಾನ್ಯ ಗೆಂಡೆಗೆ ತಿಂದ ಪ್ರೋಟೀನಿನಲ್ಲಿ ಶೇಕಡ 5.7 ಲೈಸಿನ್ ಇರಬೇಕೆಂದು ಲೆಕ್ಕವಿದೆ. ಶೇಂಗಾ ಹಿಂಡಿಯ ಪ್ರೋಟೀನಿನಲ್ಲಿ ಅದು ಸುಮಾರು ಮೂರೂವರೆ. ಅಂದರೆ ಬೇಕಾದದ್ದರ ಮೂರರಲ್ಲಿ ಎರಡು ಪಾಲೂ ಇಲ್ಲ. ಸೋಯಾದಲ್ಲಿ ಲೈಸಿನ್ ಆರನ್ನು ದಾಟುತ್ತದೆ, ಮೆಥಿಯೋನಿನ್ ಸಾಲದು. ಮೀನುಪುಡಿಯಲ್ಲಿ ಎರಡೂ ಸಮೃದ್ಧ. ಹಿಂಡಿಯೊಂದನ್ನೇ ನಂಬಿದವರ ಮರಿ ಯಾಕೆ ಹಿಗ್ಗುವುದಿಲ್ಲವೆಂಬುದಕ್ಕೆ ಇದೇ ಕಾರಣ. ಉಪಯೋಗಕ್ಕೆ ಬಾರದೆ ಉಳಿದ ಅಮೈನೋ ಆಮ್ಲಗಳು ಉರಿದು ಅಮೋನಿಯಾ ಆಗಿ ಹೊಂಡಕ್ಕೇ ಬರುತ್ತವೆ.

ಇಲ್ಲಿನ ಮಳೆಗಾಲಕ್ಕೆ ಸೇರಿದ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಉಗ್ರಾಣದಲ್ಲಿ ಹಿಂಡಿ ಮುಗ್ಗುವುದು ಎಲ್ಲರಿಗೂ ಗೊತ್ತು. ಶೇಂಗಾ ಹಿಂಡಿಗೆ ಹಿಡಿಯುವ ಹಸಿರು ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು. ಅದು ಯಕೃತ್ತನ್ನು ಕೆಡಿಸುತ್ತದೆ. ಮರಿ ಸಾಕುವ ಕಾಲವೂ ಅದೇ ನಾಲ್ಕು ತಿಂಗಳು. ದನಕ್ಕೆ ಬೇಡವೆನಿಸಿದ ಹಿಂಡಿಯನ್ನು ಮೀನಿಗೆ ಹಾಕುವ ರೂಢಿಯನ್ನು ದಯವಿಟ್ಟು ಬಿಡಿ. ಚೀಲವನ್ನು ಹಲಗೆಯ ಮೇಲಿಡಿ, ಗೋಡೆಗೆ ತಾಗದಂತಿಡಿ, ಒಂದು ತಿಂಗಳಿಗಾಗುವಷ್ಟೇ ತನ್ನಿ. ಸೋಯಾ ಕಾಳನ್ನು ಹಸಿಯಾಗಿ ಬೀಸಬೇಡಿ. ಜೀರ್ಣರಸವನ್ನು ತಡೆಯುವ ಅಂಶ ಅದರಲ್ಲಿದೆ, ಹುರಿದರೆ ಹೋಗುತ್ತದೆ. ಗೆಂಡೆ ಜಾತಿಯ ಮೀನಿಗೆ ಜಠರವೇ ಇಲ್ಲ, ಅನ್ನನಾಳದಿಂದ ಊಟ ನೇರ ಕರುಳಿಗೆ ಹೋಗುತ್ತದೆ. ಹಾಗಾಗಿ ಅರಗಲು ಕಷ್ಟವಾದದ್ದು ಹಾಗೇ ಹೊರಗೆ ಬರುತ್ತದೆ.

ಈಗ ಹೊಂಡದ ಬಳಿಗೆ ಹೋಗೋಣ. ಭುವನೇಶ್ವರದ ಹತ್ತಿರ ಕೌಸಲ್ಯಾಗಂಗಾದಲ್ಲಿರುವ ಕೇಂದ್ರೀಯ ಸಿಹಿನೀರು ಮೀನು ಕೃಷಿ ಸಂಸ್ಥೆಯ ಶಿಫಾರಸು ಹೀಗಿದೆ. ಎಳೆಮರಿ ಸಾಕುವ ನರ್ಸರಿ ಹೊಂಡದಲ್ಲಿ ಹೆಕ್ಟೇರಿಗೆ 30ರಿಂದ 50 ಲಕ್ಷ ಮರಿ ಬಿಡಬಹುದು. ನುಣ್ಣಗೆ ಪುಡಿ ಮಾಡಿದ ಶೇಂಗಾ ಹಿಂಡಿ ಮತ್ತು ತೌಡನ್ನು ಸಮಸಮ ಬೆರೆಸಿ ಲಕ್ಷ ಮರಿಗೆ ಮೊದಲ ಐದು ದಿನ ದಿನಕ್ಕೆ 600 ಗ್ರಾಂ, ಆಮೇಲೆ 1 ಕಿಲೋ 200 ಗ್ರಾಂ, ಎರಡು ಹೊತ್ತಿಗೆ ಹಂಚಿ ಕೊಡಬೇಕು. ಲಕ್ಷ ಮರಿಯ ತೂಕ 150 ಗ್ರಾಂ ಎಂದೆನಲ್ಲ, ಊಟ ಅದರ ನಾಲ್ಕರಷ್ಟು! ಹಿಂಡಿಯ ಪ್ರೋಟೀನು 42, ತೌಡಿನದು 12 ಎಂದಿಟ್ಟುಕೊಂಡರೆ ಆ 600 ಗ್ರಾಂನಲ್ಲಿ 160 ಗ್ರಾಂ ಪ್ರೋಟೀನು, ಮರಿಯ ಇಡೀ ಮೈತೂಕಕ್ಕಿಂತ ಜಾಸ್ತಿ. ಇಷ್ಟನ್ನು ಮರಿ ತಿನ್ನಲಾರದು. ಹೆಚ್ಚಿನ ಪಾಲು ನೀರಿನಲ್ಲಿ ಕರಗಿ ಗೊಬ್ಬರವಾಗಿ ರೋಟಿಫರ್, ಮೊಯಿನಾಗಳನ್ನು ಬೆಳೆಸುತ್ತದೆ, ಅವನ್ನು ಮರಿ ತಿನ್ನುತ್ತದೆ. ಲೈಸಿನ್ ಕಡಿಮೆಯಿರುವ ಹಿಂಡಿಯೂ ನರ್ಸರಿಯಲ್ಲಿ ಕೆಲಸ ಮಾಡುವುದು ಇದೇ ದಾರಿಯಲ್ಲಿ. ಕೊರತೆಯನ್ನು ಆ ಸಣ್ಣ ಜೀವಿಗಳು ತುಂಬಿಕೊಡುತ್ತವೆ.

ಆದ್ದರಿಂದ ಮರಿ ಬರುವ ಮೊದಲೇ ಹೊಂಡದ ನೀರು ಊಟಕ್ಕೆ ಸಿದ್ಧವಾಗಿರಬೇಕು. ನಮ್ಮ ಜಂಬಿಟ್ಟಿಗೆಯ ಮಣ್ಣು ಹುಳಿ, ಮಳೆನೀರಿಗೆ ಸುಣ್ಣದಂಶ ಕಡಿಮೆ. ಹಾಗೆಯೇ ಬಿಟ್ಟರೆ ಸಗಣಿ ಹಾಕಿದರೂ ನೀರು ಕಳೆಗಟ್ಟುವುದಿಲ್ಲ. ಗುಂಟೆಗೆ ಎರಡರಿಂದ ಎರಡೂವರೆ ಕಿಲೋ ಸುಣ್ಣ ಮೊದಲು ಬೀಳಬೇಕು, ಮಣ್ಣು ತೀರಾ ಹುಳಿಯಿದ್ದರೆ ಇನ್ನೂ ಹೆಚ್ಚು. ಆಮೇಲೆ ಸಗಣಿ, ಹಿಂಡಿ, ಸೂಪರ್ ಫಾಸ್ಫೇಟ್ ಕಲಸಿ ಹಾಕಬೇಕು. ತೆಳು ಬಟ್ಟೆಯಲ್ಲಿ ನೀರು ಸೋಸಿದಾಗ ಜಿಗಿದಾಡುವ ಚುಕ್ಕಿಗಳು ಕಂಡರೆ ಮರಿ ತರಬಹುದು. ಕಾಣದಿದ್ದರೆ ತರಬಾರದು, ಮೀನುಮರಿ ಕೇಂದ್ರದಲ್ಲಿ ನಿಮ್ಮ ಸರದಿ ತಪ್ಪಿದರೂ ಚಿಂತೆಯಿಲ್ಲ.

ಹದಿನೈದು ದಿನದ ಮೊತ್ತ ಕೂಡಿಸಿ. ಐದು ದಿನಕ್ಕೆ 3 ಕಿಲೋ, ಹತ್ತು ದಿನಕ್ಕೆ 12 ಕಿಲೋ. ಒಂದು ಲಕ್ಷ ಮರಿಯ ಇಡೀ ನರ್ಸರಿ ಊಟ 15 ಕಿಲೋ! ಅತ್ತ ಕೆರೆಯಲ್ಲಿ ಒಂದು ಟನ್ ಬಲಿತ ಮೀನಿದ್ದರೆ ಶೇಕಡ ಎರಡರಂತೆ ದಿನಕ್ಕೆ 20 ಕಿಲೋ ಬೇಕು. ದೊಡ್ಡ ಮೀನಿನ ಒಂದು ದಿನದ ಊಟಕ್ಕಿಂತ ಕಡಿಮೆ ಖರ್ಚಿನಲ್ಲಿ ಲಕ್ಷ ಮರಿಯ ಹಣೆಬರಹ ತೀರ್ಮಾನವಾಗುತ್ತದೆ. ಇಲ್ಲಿ ಹಿಂಡಿಯ ಬದಲು ಅರ್ಧಕ್ಕರ್ಧ ಮೀನುಪುಡಿಯನ್ನೇ ಹಾಕಿದರೂ ಹೆಚ್ಚುವುದು ಕೆಲವು ನೂರು ರೂಪಾಯಿ. ಎರಡು ಅಂಗುಲ ದಾಟದ ಮರಿಯನ್ನು ನೇರ ಕೆರೆಗೆ ಸುರಿದು ಕೊರವ, ಬಾಳೆಮೀನುಗಳಿಗೆ ಉಣಬಡಿಸುವುದಕ್ಕಿಂತ ಇದು ಎಷ್ಟು ಪಾಲು ಮೇಲು.

ನರ್ಸರಿ ದಾಟಿದ ಮೇಲಿನ ಎರಡು ಮೂರು ತಿಂಗಳು, ಮರಿ ಒಂದಂಗುಲದಿಂದ ಬೆರಳುದ್ದಕ್ಕೆ ಬೆಳೆಯುವ ಕಾಲ, ನಾವು ಅತಿ ಹೆಚ್ಚು ಕಡೆಗಣಿಸಿದ ಘಟ್ಟ. ಹೊಂಡದ ಜೀವಿಗಳು ಆಗ ಎಲ್ಲಕ್ಕೂ ಸಾಲುವುದಿಲ್ಲ, ಕೈಯಿಂದ ಹಾಕುವ ಊಟದ ಗುಣ ಎದ್ದು ಕಾಣುತ್ತದೆ. ಈ ಹಂತಕ್ಕೆ ಮನೆಯಲ್ಲೇ ಮಾಡಬಹುದಾದ ಒಂದು ಮಿಶ್ರಣ ಹೇಳುತ್ತೇನೆ. ಚೆನ್ನಾಗಿ ಒಣಗಿದ ಮೀನುಪುಡಿ 30 ಕಿಲೋ, ಶೇಂಗಾ ಹಿಂಡಿ 35 ಕಿಲೋ, ತೌಡು 34 ಕಿಲೋ, ಖನಿಜ ಮಿಶ್ರಣ ಒಂದು ಕಿಲೋ. ಮೀನುಪುಡಿಯ ಪ್ರೋಟೀನು 55 ಇದ್ದರೆ ಒಟ್ಟು 35ರ ಆಸುಪಾಸು ಬರುತ್ತದೆ. ಪೇಟೆಯ ಮೀನುಪುಡಿಯಲ್ಲಿ ಮರಳು, ಉಪ್ಪು ಸೇರಿರುವುದುಂಟು. ಒಂದು ಹಿಡಿಯನ್ನು ನೀರಿನ ಲೋಟಕ್ಕೆ ಹಾಕಿ ತಳಕ್ಕೆ ಕೂತ ಮರಳನ್ನು ನೋಡಿ ಕೊಳ್ಳಿ. ಕೊರವದಂಥ ಬೇಟೆಮೀನಿನ ಮರಿಗೆ ಈ 35 ಸಾಲದು, ಅದಕ್ಕೆ 45ರ ಮೇಲೆ ಬೇಕು.

ಹಾಗೆಂದು ಪ್ರೋಟೀನು ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ತಿಂದ ಪ್ರೋಟೀನಿನಲ್ಲಿ ಮೀನಿನ ಮೈಗೂಡುವುದು ಸಾಮಾನ್ಯವಾಗಿ ಕಾಲುಭಾಗದಿಂದ ಮೂರನೇ ಒಂದು ಭಾಗ. ಉಳಿದದ್ದರ ಸಾರಜನಕ ಹೆಚ್ಚಾಗಿ ಅಮೋನಿಯಾ ಆಗಿ ನೀರಿಗೆ ಬರುತ್ತದೆ, ಹಸಿರುಗಟ್ಟಿದ ಹೊಂಡದಲ್ಲಿ ಬಿಸಿಲೇರಿದ ಮಧ್ಯಾಹ್ನ ಅದರ ವಿಷ ಏರುತ್ತದೆ. ಮೋಡ ಮುಸುಕಿ ಮಳೆ ಹಿಡಿದ ದಿನ ನೀರಿನಲ್ಲಿ ಉಸಿರು ಕಡಿಮೆ. ಆ ದಿನ ಊಟವನ್ನು ಅರ್ಧಕ್ಕಿಳಿಸಿ. ತಟ್ಟೆಯಲ್ಲಿ ಹಾಕಿ, ಎರಡು ಗಂಟೆಯಲ್ಲಿ ಉಳಿದಿದ್ದರೆ ಮರುದಿನ ಕಡಿಮೆ ಮಾಡಿ.

ಊರಿನ ಲೆಕ್ಕದಲ್ಲಿ ಇದು ಹೇಗೆ ಕೂಡಿಬರುತ್ತದೆಂದು ಹೇಳಿ ಮುಗಿಸುತ್ತೇನೆ. ಲಕ್ಷ ಮರಿಗೆ ಮೂರು ಗುಂಟೆಯ ನರ್ಸರಿ ಸಾಕು. ನೂರಕ್ಕೆ 45 ಉಳಿದರೆ 45 ಸಾವಿರ ಮರಿ. ಅವಕ್ಕೆ ಅರ್ಧ ಎಕರೆಗೆ ಸ್ವಲ್ಪ ಮೇಲ್ಪಟ್ಟ ಹೊಂಡ ಬೇಕು. ಅಲ್ಲಿ ಮೂರರಲ್ಲಿ ಎರಡು ಪಾಲು ಉಳಿದರೆ ಬೆರಳುದ್ದದ 30 ಸಾವಿರ ಮರಿ ಕೈಗೆ ಬರುತ್ತದೆ. ಕೆರೆಬೇಟೆಯ ಕೂಣಿ ಕಾಣಿಕೆಯಲ್ಲಿ ಒಂದು ಪಾಲನ್ನು ಮೀಸಲಿಟ್ಟರೆ ಊರಿನ ಕೆರೆ ಸಮಿತಿಯೋ ಮೀನುಗಾರರ ಸಹಕಾರ ಸಂಘವೋ ಏರಿಯ ಕೆಳಗಿನ ಜೌಗು ಜಾಗದಲ್ಲಿ ಇದನ್ನು ನಡೆಸಬಹುದು, ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೂ ಒಪ್ಪಿಸಬಹುದು. ಜೂನ್ ಮೊದಲ ವಾರ ಸುಣ್ಣ, ಜುಲೈಯಲ್ಲಿ ಮರಿ, ಆಗಸ್ಟ್ ಹೊತ್ತಿಗೆ ದೊಡ್ಡ ಹೊಂಡಕ್ಕೆ ವರ್ಗ, ಅಕ್ಟೋಬರಿನಲ್ಲಿ ಕೋಡಿ ನಿಂತ ಮೇಲೆ ಕೆರೆಗೆ. ಹೊಂಡದಿಂದ ಹಿಡಿಯುವ ಹಿಂದಿನ ದಿನ ಊಟವನ್ನು ಪೂರ್ತಿ ನಿಲ್ಲಿಸಬೇಕು. ಹೊಟ್ಟೆ ಖಾಲಿಯಿರುವ ಮರಿ ಸಾಗಿಸುವ ಪಾತ್ರೆಯ ನೀರನ್ನು ಕೆಡಿಸುವುದಿಲ್ಲ, ಕೆರೆ ಮುಟ್ಟುವವರೆಗೆ ತಾಳಿಕೊಳ್ಳುತ್ತದೆ.